ಇಂಟರ್‌ನೆಟ್ ತರುವ ಗಾಜಿನ ಎಳೆ ಕಡಲಿನ ರಿಗ್ ಅನ್ನು ಕಾಯುತ್ತದಾ?

ನಿಮ್ಮ ಪ್ರಶ್ನೆ ಇದು: "ಮನೆಗೆ ಇಂಟರ್‌ನೆಟ್ ತರುವ ಫೈಬರನ್ನೇ ಸಮುದ್ರದಲ್ಲಿ ತೈಲ ಬಾವಿ ಕೊರೆಯುವ ಉಪಕರಣಗಳ ಮೇಲೆ ಕಣ್ಣಿಡಲು ಬಳಸುತ್ತಾರಂತೆ, ನಿಜವಾ? ಕಬ್ಬಿಣಕ್ಕೆ ಏನಾಗುತ್ತಿದೆ ಅಂತ ಗಾಜಿಗೆ ಹೇಗೆ ಗೊತ್ತಾಗುತ್ತೆ? ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಇದನ್ನು ತಗೋಬಹುದಾ?"

ನಿಜ. ತಗೊಳ್ಳಿ, ಒಳ್ಳೆಯ ವಿಷಯ. ನಾನು ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರ್. ಕಡಲಿನ ಪ್ಲಾಟ್‌ಫಾರ್ಮ್‌ಗಳ ಪೈಪುಗಳಿಗೆ ಇಂಥ ಸೆನ್ಸರ್ ಕೂರಿಸುವ ಕೆಲಸವನ್ನು ಹಲವು ವರ್ಷ ಮಾಡಿದ್ದೇನೆ. ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಫೈಬರಿನ ಗಾಜು ಒಟ್ಟು 125 ಮೈಕ್ರಾನ್ ದಪ್ಪ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಬೆಳಕು ಓಡುವುದು ಅದರ ನಡುವಿನ ಸುಮಾರು 9 ಮೈಕ್ರಾನಿನ ತಿರುಳಿನಲ್ಲಿ. ಆ ತಿರುಳಿನ ಒಂದು ಪುಟ್ಟ ತುಂಡಿನಲ್ಲಿ ನೇರಳಾತೀತ ಬೆಳಕಿನಿಂದ ಸಮ ಅಂತರದ ಗೆರೆಗಳನ್ನು ಮೂಡಿಸುತ್ತಾರೆ. ಬಾಚಣಿಗೆಯ ಹಲ್ಲುಗಳನ್ನು ನೆನೆಸಿಕೊಳ್ಳಿ. ಇದಕ್ಕೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಅನ್ನುತ್ತಾರೆ. ನಾವು ಎಫ್‌ಬಿಜಿ ಅಂತಲೇ ಕರೆಯುವುದು. ಈ ಬಾಚಣಿಗೆ ಒಂದೇ ಒಂದು ಬಣ್ಣದ ಬೆಳಕನ್ನು ವಾಪಸ್ ಕಳಿಸುತ್ತದೆ, ಉಳಿದದ್ದನ್ನೆಲ್ಲ ಮುಂದಕ್ಕೆ ಬಿಡುತ್ತದೆ. ಫೈಬರನ್ನು ಪೈಪಿಗೆ ಗಟ್ಟಿಯಾಗಿ ಅಂಟಿಸಿದ್ದರೆ, ಪೈಪು ಹಿಗ್ಗಿದಾಗ ಹಲ್ಲುಗಳ ಅಂತರವೂ ಹಿಗ್ಗುತ್ತದೆ. ಆಗ ವಾಪಸ್ ಬರುವ ಬಣ್ಣ ಒಂಚೂರು ಸರಿಯುತ್ತದೆ. ಒಂದು ಮೀಟರ್ ಪೈಪು ಒಂದು ಮೈಕ್ರಾನ್ ಹಿಗ್ಗಿದರೆ, 1550 ನ್ಯಾನೋಮೀಟರಿನ ಬೆಳಕು ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ. ಪಿಕೋಮೀಟರ್ ಅಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟು ಸಣ್ಣದನ್ನೂ ಅಳೆಯುವ ಯಂತ್ರಗಳಿವೆ. ಬೇರೆ ಬೇರೆ ಅಂತರದ ಹಲವು ಬಾಚಣಿಗೆಗಳನ್ನು ಒಂದೇ ಎಳೆಯಲ್ಲಿ ಸಾಲಾಗಿ ಇಡಬಹುದು. ಒಂದೊಂದಕ್ಕೂ ತನ್ನದೇ ಬಣ್ಣ ಇರುವುದರಿಂದ ಯಾವ ಜಾಗ ಹಿಗ್ಗಿತು ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಧಾನದಲ್ಲಿ ಬಾಚಣಿಗೆಯೇ ಬೇಡ, ಮಾಮೂಲಿ ಫೈಬರ್ ಸಾಕು. ಬಾವಿಯೊಳಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದೆ ಅಲ್ವಾ? ಹಾಗೇ ಫೈಬರಿಗೆ ಬೆಳಕಿನ ಒಂದು ಮಿಂಚು ಬಿಟ್ಟರೆ, ಗಾಜಿನ ಪ್ರತಿ ಜಾಗದಿಂದಲೂ ಚೂರು ಬೆಳಕು ಚದುರಿ ಹಿಂದೆ ಬರುತ್ತದೆ. ಪ್ರತಿ ಮೀಟರಿಗೆ ಹೋಗಿ ಬರಲು ಸುಮಾರು 10 ನ್ಯಾನೋಸೆಕೆಂಡ್. ಎಷ್ಟು ತಡವಾಗಿ ಬಂತು ಅನ್ನುವುದರಿಂದ ಎಲ್ಲಿಂದ ಬಂತು ಅಂತ ಲೆಕ್ಕ ಹಾಕುತ್ತೇವೆ. ಕೆಲವು ಕಿಲೋಮೀಟರ್ ಉದ್ದದ ಒಂದು ಎಳೆ ಹೀಗೆ ಸಾವಿರಾರು ಸೆನ್ಸರ್ ಆಗಿಬಿಡುತ್ತದೆ. ರೇಲೀ ಚದುರುವಿಕೆಯಿಂದ ಸದ್ದು ಮತ್ತು ಅದುರುವಿಕೆ ತಿಳಿಯುತ್ತದೆ, ಬ್ರಿಲ್ವಾನ್ ಚದುರುವಿಕೆಯಿಂದ ಎಳೆತ ತಿಳಿಯುತ್ತದೆ, ರಾಮನ್ ಚದುರುವಿಕೆಯಿಂದ ಬಿಸಿ ತಿಳಿಯುತ್ತದೆ. ಹೌದು, ನಮ್ಮ ಸಿ.ವಿ. ರಾಮನ್ ಅವರೇ. 1928ರಲ್ಲಿ ಅವರು ಕಂಡ ಪರಿಣಾಮವೇ ಇವತ್ತು ತೈಲ ಬಾವಿಯ ತಳದ ಬಿಸಿಯನ್ನು ಹೇಳುತ್ತಿದೆ. ಬೆಂಗಳೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕಡಲಿಗೆ ಫೈಬರೇ ಯಾಕೆ? ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಕಿಡಿ ಹಾರುವುದಿಲ್ಲ. ಗ್ಯಾಸ್ ಸೋರಬಹುದಾದ ಜಾಗದಲ್ಲಿ ಇದು ದೊಡ್ಡ ವಿಷಯ. ದೊಡ್ಡ ಮೋಟಾರುಗಳ ಪಕ್ಕದಲ್ಲಿದ್ದರೂ ಅದರ ಅಳತೆ ಕೆಡುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಅದಕ್ಕೆ ನಿಮಗೆ 1980ರ ಒಂದು ದುರಂತದ ಕಥೆ ಹೇಳಬೇಕು. ಮಾರ್ಚ್ 27ರ ಸಂಜೆ, ನಾರ್ವೆಯ ಎಕೋಫಿಸ್ಕ್ ತೈಲ ಪ್ರದೇಶದಲ್ಲಿ ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ರಿಗ್ ಬಿರುಗಾಳಿಯಲ್ಲಿ ಮಗುಚಿತು. ಅದರಲ್ಲಿದ್ದ 212 ಜನರಲ್ಲಿ 123 ಜನ ಸತ್ತರು. ಅದರ ಐದು ಕಾಲುಗಳಲ್ಲಿ ಒಂದು ಕಳಚಿಹೋಗಿತ್ತು. ತನಿಖೆ ಮಾಡಿದಾಗ ಬಿರುಕು ಶುರುವಾದ ಜಾಗ ಸಿಕ್ಕಿತು. ಕಾಲಿಗೆ ಆಸರೆಯಾಗಿದ್ದ ಒಂದು ಅಡ್ಡ ಪೈಪಿಗೆ ಹೈಡ್ರೋಫೋನ್ ಹಿಡಿದಿಡಲು ಒಂದು ಚಿಕ್ಕ ಭಾಗವನ್ನು 6 ಮಿಲಿಮೀಟರಿನ ವೆಲ್ಡಿಂಗ್‌ನಿಂದ ಕೂರಿಸಿದ್ದರು. ಆ ಭಾಗದ ಮೇಲೆ ಭಾರವೇ ಇರಲಿಲ್ಲ. ಆದರೆ ವೆಲ್ಡಿಂಗ್ ಕೆಟ್ಟದಾಗಿತ್ತು. ಅಲ್ಲಿ ಹುಟ್ಟಿದ ಬಿರುಕು ಅಲೆಗಳ ಹೊಡೆತಕ್ಕೆ ಬೆಳೆಯುತ್ತಾ ಹೋಗಿ ಇಡೀ ಪೈಪನ್ನು ಕತ್ತರಿಸಿತು. ಹೈಡ್ರೋಫೋನ್ ಅಂದರೆ ಅದೂ ಒಂದು ಸೆನ್ಸರ್. ನೀರಿನೊಳಗಿನ ಸದ್ದು ಕೇಳುವ ಸಾಧನವನ್ನು ಕೂರಿಸಿದ ಜಾಗದಿಂದಲೇ ಸಾವು ಬಂತು. ನನ್ನ ಕೆಲಸದಲ್ಲಿ ಈ ಕಥೆಯನ್ನು ನಾನು ಒಂದು ದಿನವೂ ಮರೆತಿಲ್ಲ. ಫೈಬರನ್ನು ಅಂಟಿನಿಂದಲೋ ಪಟ್ಟಿ ಬಿಗಿದೋ ಕೂರಿಸಬಹುದು. ವೆಲ್ಡ್ ಮಾಡಬೇಕಿಲ್ಲ, ತೂತು ಕೊರೆಯಬೇಕಿಲ್ಲ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಇದೇ.

ಇದು ಹೆಚ್ಚು ಉಪಯೋಗಕ್ಕೆ ಬರುವುದು ರೈಸರ್ ಮೇಲೆ. ರಿಗ್‌ನಿಂದ ಸಮುದ್ರದ ತಳದವರೆಗೆ ಇಳಿಯುವ ದಪ್ಪ ಪೈಪು ಅದು, ಸಾಮಾನ್ಯವಾಗಿ 21 ಇಂಚು. ನೀರಿನ ಹರಿವು ಅದನ್ನು ದಾಟುವಾಗ ಹಿಂಬದಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳು ಏಳುತ್ತವೆ. ಪೈಪು ತಂಬೂರಿ ತಂತಿಯಂತೆ ಅದುರತೊಡಗುತ್ತದೆ. ಒಂದೊಂದು ಅದುರು ಸಣ್ಣದೇ. ಆದರೆ ಲಕ್ಷಗಟ್ಟಲೆ ಸಲ ಆದಾಗ ಲೋಹ ದಣಿಯುತ್ತದೆ, ಬಿರುಕು ಬಿಡುತ್ತದೆ. ಪೈಪಿನ ಸುತ್ತ ನಾಲ್ಕು ಕಡೆ ಎಫ್‌ಬಿಜಿ ಕೂರಿಸಿದರೆ, ನಾಲ್ಕರ ಸರಾಸರಿ ಪೈಪಿನ ಎಳೆತವನ್ನು ಹೇಳುತ್ತದೆ, ಎದುರುಬದುರಿನ ವ್ಯತ್ಯಾಸ ಯಾವ ಕಡೆಗೆ ಎಷ್ಟು ಬಾಗಿದೆ ಅಂತ ಹೇಳುತ್ತದೆ. ಇಂಥ ಬಾಗು ಎಷ್ಟು ಸಲ ಆಯಿತು ಅಂತ ಎಣಿಸುತ್ತಾ ಹೋದರೆ ಪೈಪಿನ ಆ ಭಾಗದ ಆಯುಸ್ಸು ಎಷ್ಟು ಕರಗಿದೆ ಅನ್ನುವ ಅಂದಾಜು ಸಿಗುತ್ತದೆ.

ತೊಂದರೆಗಳೂ ಇವೆ. ಒಂದು ಪ್ಲಾಟ್‌ಫಾರ್ಮಿನಲ್ಲಿ, ನೀರಿನ ಮೇಲಿದ್ದ ಪೈಪಿನ ಒಂದು ಮಗ್ಗುಲಿನಲ್ಲಿ ಪ್ರತಿದಿನ ಮಧ್ಯಾಹ್ನ ಎಳೆತ ಏರುತ್ತಿತ್ತು. ಸಂಜೆಗೆ ಇಳಿಯುತ್ತಿತ್ತು. ಎರಡು ದಿನ ತಲೆಕೆಡಿಸಿಕೊಂಡೆವು. ಕೊನೆಗೆ ನೋಡಿದರೆ ಅದು ಬಿಸಿಲು. ಎಫ್‌ಬಿಜಿಗೆ ಎಳೆತವೂ ಬಿಸಿಯೂ ಒಂದೇ ಥರ ಕಾಣುತ್ತವೆ. ಒಂದು ಡಿಗ್ರಿ ಬಿಸಿ ಏರಿದರೆ ಬೆಳಕು ಸುಮಾರು 10 ಪಿಕೋಮೀಟರ್ ಸರಿಯುತ್ತದೆ, ಅಂದರೆ ಮೀಟರಿಗೆ ಎಂಟು ಮೈಕ್ರಾನ್ ಎಳೆತದಷ್ಟು ಸುಳ್ಳು. ಬಿಗಿಯಾಗಿ ಅಂಟಿಸದೆ ಪಕ್ಕದಲ್ಲಿ ಸಡಿಲವಾಗಿ ಬಿಟ್ಟ ಇನ್ನೊಂದು ಎಫ್‌ಬಿಜಿ ಇದ್ದಿದ್ದರೆ ಅದು ಬಿಸಿಯನ್ನಷ್ಟೇ ತೋರಿಸುತ್ತಿತ್ತು, ಅದನ್ನು ಕಳೆದು ಲೆಕ್ಕ ಹಾಕಬಹುದಿತ್ತು. ಖರ್ಚು ಉಳಿಸಲು ಅದನ್ನು ಬಿಟ್ಟಿದ್ದರು. ಬಾವಿಯ ಆಳದಲ್ಲಿ ಇನ್ನೊಂದು ಕಾಟ: ಹೈಡ್ರೋಜನ್ ಗಾಜಿನೊಳಕ್ಕೆ ನುಗ್ಗಿ ಅದನ್ನು ಮಂಕು ಮಾಡುತ್ತದೆ. ಅದಕ್ಕೇ ಅಲ್ಲಿ ಕಾರ್ಬನ್ ಲೇಪನದ ಫೈಬರ್ ಹಾಕುತ್ತಾರೆ. ಇನ್ನು ಕನೆಕ್ಟರ್ ಮೇಲೆ ಕೂತ ಧೂಳಿನ ಕಣದಿಂದ ಹಾಳಾದ ದಿನಗಳನ್ನು ನಾನು ಲೆಕ್ಕ ಇಟ್ಟಿಲ್ಲ.

ಫೈಬರ್ ಎಲ್ಲವನ್ನೂ ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2005ರ ಜುಲೈ 27ರಂದು ಅರಬ್ಬಿ ಸಮುದ್ರದಲ್ಲಿರುವ ನಮ್ಮ ಮುಂಬೈ ಹೈ ತೈಲ ಪ್ರದೇಶದಲ್ಲಿ, ಗಾಯಾಳುವೊಬ್ಬರನ್ನು ಪ್ಲಾಟ್‌ಫಾರ್ಮಿಗೆ ಸಾಗಿಸಲು ಬಂದ ಹಡಗು ಅಲೆಗೆ ಸಿಕ್ಕಿ ಗ್ಯಾಸ್ ರೈಸರ್‌ಗೆ ಬಡಿಯಿತು. ಬೆಂಕಿಯಲ್ಲಿ 22 ಜನ ಹೋದರು. ಅಲ್ಲಿ ಯಾವ ಸೆನ್ಸರಿಗೂ ಹೇಳಲು ಸಮಯವೇ ಇರಲಿಲ್ಲ.

2010ರ ಏಪ್ರಿಲ್ 20ರ ಡೀಪ್‌ವಾಟರ್ ಹೊರೈಝನ್ ಎಂಬ ರಿಗ್‌ನ ದುರಂತ ಬೇರೆ ಥರದ್ದು. ಮೆಕ್ಸಿಕೋ ಕೊಲ್ಲಿಯ ಮಕಾಂಡೋ ಬಾವಿ, ಸುಮಾರು 1,500 ಮೀಟರ್ ನೀರು, 11 ಸಾವು, 87 ದಿನ ಹರಿದ ತೈಲ. ಅಲ್ಲಿ ಸೆನ್ಸರ್ ಇರಲಿಲ್ಲ ಅಂತಲ್ಲ. ಬಾವಿ ಸರಿಯಾಗಿ ಮುಚ್ಚಿದೆಯಾ ಅಂತ ಪರೀಕ್ಷೆ ಮಾಡಿದಾಗ ಡ್ರಿಲ್ ಪೈಪಿನಲ್ಲಿ 1,400 ಪಿಎಸ್‌ಐ ಒತ್ತಡ ಕಂಡಿತ್ತು. ಅದೇ ಬಾವಿಗೆ ರಿಗ್‌ನಿಂದ ಇಳಿಯುವ ಇನ್ನೊಂದು ಸಣ್ಣ ಪೈಪಿನಲ್ಲಿ, ಅಂದರೆ ಕಿಲ್ ಲೈನಿನಲ್ಲಿ, ಸೊನ್ನೆ ಇತ್ತು. ಎರಡೂ ಒಂದೇ ಆಗಬೇಕಿತ್ತು. 1,400ಕ್ಕೆ ಏನೋ ಒಂದು ಕಾರಣ ಕೊಟ್ಟುಕೊಂಡು ಸೊನ್ನೆಯನ್ನು ನಂಬಿದರು. ರಾತ್ರಿ 9:01ರ ಹೊತ್ತಿಗೆ ಪಂಪಿನ ವೇಗ ಬದಲಾಗದಿದ್ದರೂ ಒತ್ತಡ ಏರತೊಡಗಿತ್ತು. ಅದೂ ಪರದೆಯ ಮೇಲೆ ಇತ್ತು. 9:49ಕ್ಕೆ ಸ್ಫೋಟ.

ಫೈಬರಿನ ಮೇಲೆ ನನಗಿರುವ ಭರವಸೆ ಇಲ್ಲಿಂದ ಬಂದದ್ದು. ಒಂದು ಗೇಜಿನ ಮಾತನ್ನು ತಳ್ಳಿಹಾಕುವುದು ಸುಲಭ, ಗೇಜ್ ಕೆಟ್ಟಿದೆ ಅಂದರಾಯಿತು. ರೈಸರಿನ ಉದ್ದಕ್ಕೂ ಸಾವಿರ ಜಾಗಗಳು ಒಂದಾದ ಮೇಲೊಂದು ಸದ್ದು ಮಾಡುತ್ತಾ, ಗ್ಯಾಸ್ ಮೇಲೇರುವುದನ್ನು ಚಿತ್ರದಂತೆ ತೋರಿಸಿದರೆ ಹಾಗೆ ಹೇಳಲಾಗುವುದಿಲ್ಲ. ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯವರು ತಮ್ಮ ಪರೀಕ್ಷಾ ಬಾವಿಯಲ್ಲಿ ಗ್ಯಾಸ್ ಬಿಟ್ಟು, ಅದು ಮೇಲೇರುವುದನ್ನು ಫೈಬರಿನಲ್ಲಿ ಹಿಂಬಾಲಿಸಿದ್ದಾರೆ. ಕೊರೆಯುವಾಗ ತಿರುಗುತ್ತಲೇ ಇರುವ ಡ್ರಿಲ್ ಪೈಪಿಗೆ ಫೈಬರ್ ಕಟ್ಟುವುದು ಬಹಳ ಕಷ್ಟ. ಹಾಗಾಗಿ ರೈಸರ್, ವೆಲ್‌ಹೆಡ್ (ಬಾವಿಯ ಬಾಯಿಯ ಉಪಕರಣ), ಕೇಸಿಂಗಿನ (ಬಾವಿಯ ಗೋಡೆಗೆ ಇಳಿಸುವ ಉಕ್ಕಿನ ಕೊಳವೆಯ) ಹೊರಮೈ ಇವೇ ಅದರ ಜಾಗ. ಮತ್ತೆ, ಆ ಚಿತ್ರ ಕಾಣಬೇಕಾದದ್ದು ದಡದ ಆಫೀಸಿನಲ್ಲಲ್ಲ. ಬಾವಿ ಮುಚ್ಚು ಅಂತ ಆ ಕ್ಷಣದಲ್ಲೇ ಗುಂಡಿ ಒತ್ತಬಲ್ಲ ಡ್ರಿಲ್ಲರ್ ಕಣ್ಣ ಮುಂದೆ.

ಈಗ ನಿಮ್ಮ ಪ್ರಾಜೆಕ್ಟ್. ಎಫ್‌ಬಿಜಿ ಓದುವ ಯಂತ್ರ ತುಂಬಾ ದುಬಾರಿ, ಕಾಲೇಜಿನಲ್ಲಿ ಸಿಗುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಫ್‌ಬಿಜಿ ಮೇಲೆ ಕೆಲಸ ನಡೆದಿದೆ, ನಿಮ್ಮ ಗೈಡ್ ಮೂಲಕ ಒಂದು ಪತ್ರ ಬರೆದು ಕೇಳಿ. ಅದು ಆಗದಿದ್ದರೆ ಪ್ಲಾಸ್ಟಿಕ್ ಫೈಬರ್, ಒಂದು ಎಲ್‌ಇಡಿ, ಒಂದು ಫೋಟೋಡಯೋಡ್ ಸಾಕು. ಫೈಬರನ್ನು ಅಲೆಅಲೆಯಾಗಿ ಒಂದು ಉಕ್ಕಿನ ಪಟ್ಟಿಗೆ ಅಂಟಿಸಿ. ಪಟ್ಟಿ ಬಾಗಿದಾಗ ಹಾದುಹೋಗುವ ಬೆಳಕು ಬದಲಾಗುತ್ತದೆ. ಪಟ್ಟಿಯ ಒಂದು ತುದಿ ಬಿಗಿದು, ಇನ್ನೊಂದು ತುದಿಗೆ ತೂಕದ ಬಟ್ಟುಗಳನ್ನು ನೇತುಹಾಕಿ ಅಳೆಯಿರಿ.

ಆದರೆ ಮೊದಲ ವಾರ ಏನೂ ನೇತುಹಾಕಬೇಡಿ. ಪಟ್ಟಿಯನ್ನು ಕಿಟಕಿ ಪಕ್ಕ ಸುಮ್ನೆ ಇಟ್ಟು, ಹಗಲೂ ರಾತ್ರಿ ರೀಡಿಂಗ್ ಬರೆದಿಡಿ. ಪಕ್ಕದಲ್ಲೇ ಒಂದು ಥರ್ಮಾಮೀಟರ್ ಇರಲಿ. ಆ ಗ್ರಾಫ್ ಬಂದ ಮೇಲೆ ಇಲ್ಲೇ ಹಾಕಿ, ಕೂತು ನೋಡೋಣ.