ನೂರು ಸಿಸಿ ದಾಟಿ ಮುಂದಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಏಳು ವರ್ಷದಿಂದ ಸ್ಪ್ಲೆಂಡರ್ ಓಡಿಸುತ್ತಿದ್ದೇನೆ. ಎತ್ತರ ಐದಡಿ ನಾಲ್ಕಿಂಚು, ತೂಕ 58 ಕೆಜಿ. ನೇರವಾಗಿ ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್ 650 ತಗೊಳ್ಳುವ ಆಸೆ. ‘ಮೊದಲು 350 ಓಡಿಸು’ ಅಂತ ಎಲ್ಲರೂ ತಡೆಯುತ್ತಾರೆ. ಇದು ಬರೀ ಹೆದರಿಸುವ ಮಾತೇ?
— ಓದುಗರು, ದಾವಣಗೆರೆ

ಉತ್ತರ: ಹೆದರಿಸುವ ಮಾತಲ್ಲ. ಆದರೆ ತಡೆಯುವವರು ಕಾರಣ ಬಿಡಿಸಿ ಹೇಳುವುದಿಲ್ಲ. ದೊಡ್ಡ ಬೈಕಿನಲ್ಲಿ ಹೊಸದಾಗಿ ಕಲಿಯಬೇಕಾದ್ದು ಎರಡು: ಒಂದು ಅದರ ತೂಕ, ಇನ್ನೊಂದು ಅದರ ಎಳೆತ. ಎರಡನ್ನೂ ಒಟ್ಟಿಗೆ ತಲೆ ಮೇಲೆ ಹೊತ್ತುಕೊಳ್ಳಬೇಡಿ ಅನ್ನುವುದಷ್ಟೇ ನಮ್ಮ ಮಾತು.

ಲೆಕ್ಕ ನೋಡಿ. ಸ್ಪ್ಲೆಂಡರ್ 112 ಕೆಜಿ, ಸುಮಾರು 8 ಕುದುರೆಶಕ್ತಿ. ರಾಯಲ್ ಎನ್‌ಫೀಲ್ಡಿನದೇ ಕ್ಲಾಸಿಕ್ 350 ತೂಗುವುದು 195 ಕೆಜಿ, ಶಕ್ತಿ 20. ಟ್ರಯಂಫ್ ಸ್ಪೀಡ್ 400 ಸುಮಾರು 176 ಕೆಜಿ, ಶಕ್ತಿ 40. ಇಂಟರ್‌ಸೆಪ್ಟರ್ 218 ಕೆಜಿ, 47 ಕುದುರೆಶಕ್ತಿ. ಒಂದು ಟನ್ ತೂಕಕ್ಕೆ ಎಷ್ಟು ಶಕ್ತಿ ಅಂತ ಭಾಗಿಸಿದರೆ ಸ್ಪ್ಲೆಂಡರ್ 71, ಕ್ಲಾಸಿಕ್ 103, ಇಂಟರ್‌ಸೆಪ್ಟರ್ 216, ಸ್ಪೀಡ್ 227. ಅಂದರೆ ಕ್ಲಾಸಿಕ್ ನಿಮಗೆ ಹೊಸದಾಗಿ ಕಲಿಸುವುದು ತೂಕವನ್ನು. ಎಳೆತದಲ್ಲಿ ಅದು ನಿಮ್ಮ ಹಳೇ ಗಾಡಿಯ ಒಂದೂವರೆ ಪಟ್ಟು, ಅಷ್ಟೇ. ಸ್ಪೀಡ್ 400 ತೂಕದಲ್ಲಿ ಅದಕ್ಕಿಂತ ಹಗುರ, ಆದರೆ ಎಳೆತ ಸ್ಪ್ಲೆಂಡರಿನ ಮೂರು ಪಟ್ಟು. ಇಂಟರ್‌ಸೆಪ್ಟರಿನಲ್ಲಿ ಎರಡೂ ಒಂದೇ ದಿನ ಎದುರಾಗುತ್ತವೆ. ಸ್ಪ್ಲೆಂಡರಿಗಿಂತ 106 ಕೆಜಿ ಜಾಸ್ತಿ ಅಂದರೆ 25 ಕೆಜಿಯ ನಾಲ್ಕು ಅಕ್ಕಿ ಮೂಟೆಗಿಂತಲೂ ಹೆಚ್ಚು.

ನಿಮ್ಮ ಎತ್ತರಕ್ಕೆ ಸೀಟಿನ ಎತ್ತರವನ್ನು ಕಾಗದದ ಮೇಲೆ ಓದಿದರೆ ಸಾಲದು. ಸ್ಪ್ಲೆಂಡರಿನದು 785 ಮಿ.ಮೀ., ರಾಯಲ್ ಎನ್‌ಫೀಲ್ಡಿನ ಹಂಟರ್ 350ರದು 790. ಐದೇ ಮಿ.ಮೀ. ವ್ಯತ್ಯಾಸ ಅನ್ನಿಸುತ್ತದೆ, ಆದರೆ ದೊಡ್ಡ ಬೈಕಿನ ಸೀಟು ಅಗಲ, ತೊಡೆ ಹರಡಿಕೊಂಡು ಕಾಲು ನೆಲಕ್ಕೆ ಸಾಲದೆ ಬರುತ್ತದೆ. ದಿನಾ ಹಾಕುವ ಶೂ ಹಾಕಿಕೊಂಡೇ ಶೋರೂಮಿಗೆ ಹೋಗಿ. ಕೂತಲ್ಲೇ ಎರಡೂ ಕಾಲಿನಿಂದ ಗಾಡಿಯನ್ನು ಹತ್ತು ಅಡಿ ಹಿಂದಕ್ಕೆ ತಳ್ಳಿ ನೋಡಿ. ಆಗದಿದ್ದರೆ ಸಂತೆ ಬೀದಿಯಲ್ಲಿ ಪಾರ್ಕಿಂಗಿನಿಂದ ಗಾಡಿ ತೆಗೆಯುವುದೇ ನಿಮಗೆ ದಿನನಿತ್ಯದ ಯುದ್ಧ. ಒಂದು ವರ್ಷ ಹಂಟರೋ ಅದೇ ಕಂಪನಿಯ ಮೀಟಿಯೋರ್ 350ಯೋ ಓಡಿಸಿ, ಆಮೇಲೆ 650 ನೋಡಿ. ಮೀಟಿಯೋರ್ ಸೀಟು 765 ಮಿ.ಮೀ., ನಿಮಗೆ ಅದೇ ಹೆಚ್ಚು ಒಪ್ಪೀತು.

ಪ್ರಶ್ನೆ: ಸ್ಪ್ಲೆಂಡರ್ ಬಿಟ್ಟು ಕ್ಲಾಸಿಕ್ 350 ತಗೊಂಡು ಎರಡು ವಾರ. ಟಾಪ್ ಗೇರಿಗೆ ಹಾಕಲು ಹೋಗಿ ಎರಡು ಸಲ ಕೆಳಗಿನ ಗೇರಿಗೆ ಹಾಕಿಬಿಟ್ಟೆ, ಗಾಡಿ ಜಗ್ಗಿ ಹಿಂದಿನ ಚಕ್ರ ಕಿರ್ ಅಂದಿತು. ಗೇರ್‌ಬಾಕ್ಸ್ ಹಾಳಾಗುತ್ತದೆಯೇ?
— ಓದುಗರು, ಹಾಸನ

ಉತ್ತರ: ಎರಡು ಸಲಕ್ಕೆ ಗೇರ್‌ಬಾಕ್ಸಿಗೆ ಏನೂ ಆಗುವುದಿಲ್ಲ. ಮಳೆಯಲ್ಲಿ ಮೂರನೇ ಸಲ ಆದರೆ ನಿಮಗೆ ಏನಾದರೂ ಆದೀತು. ತಪ್ಪು ನಿಮ್ಮ ಪಾದದ್ದು. ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರು ಬೆರಳಿನ ಕಡೆ ಕೆಳಕ್ಕೆ ಒತ್ತಿದರೆ ಏರುತ್ತವೆ, ಹಿಮ್ಮಡಿಯಲ್ಲಿ ಒತ್ತಿದರೆ ಇಳಿಯುತ್ತವೆ. ಕ್ಲಾಸಿಕ್‌ನಲ್ಲಿ ಒಂದು ಕೆಳಗೆ, ಉಳಿದವು ಮೇಲೆ: ಬೆರಳಿನಲ್ಲಿ ಒತ್ತಿದರೆ ಇಳಿಯುತ್ತದೆ, ಹಿಮ್ಮಡಿಯಲ್ಲಿ ಒತ್ತಿದರೆ ಏರುತ್ತದೆ. ಪೂರ್ತಿ ತಿರುಗುಮುರುಗು. ಎಪ್ಪತ್ತರ ವೇಗದಲ್ಲಿ ನಾಲ್ಕರಿಂದ ಐದಕ್ಕೆ ಹೋಗಬೇಕಾದವರು ಮೂರಕ್ಕೆ ಬಿದ್ದರೆ, ಎಂಜಿನ್ ಒಮ್ಮೆಲೇ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸಲು ನೋಡುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವುದು ಬ್ರೇಕಿಗೆ ಮಾತ್ರ. ಎಂಜಿನ್ ಹಿಡಿತದಿಂದ ಚಕ್ರ ಜಾರಿದರೆ ಅದು ನೆರವಿಗೆ ಬರುವುದಿಲ್ಲ.

ಮೊದಲ ಒಂದು ತಿಂಗಳು ಗೇರ್ ಏರಿಸಲು ಹಿಮ್ಮಡಿಯನ್ನೇ ಬಳಸಿ. ‘ಹಿಮ್ಮಡಿ ಏರು, ಬೆರಳು ಇಳಿ’ ಅಂತ ಬಾಯಲ್ಲಿ ಹೇಳಿಕೊಳ್ಳಿ. ಹೆಲ್ಮೆಟ್ ಒಳಗೆ ಯಾರಿಗೂ ಕೇಳಿಸುವುದಿಲ್ಲ. ಗೇರ್ ತಪ್ಪಿತು ಅಂತ ಗೊತ್ತಾದ ಕ್ಷಣ ಮಾಡಬೇಕಾದ್ದು ಒಂದೇ: ಕ್ಲಚ್ ಪೂರ್ತಿ ಹಿಡಿಯುವುದು. ಹಳೇ ಸ್ಪ್ಲೆಂಡರ್ ಇನ್ನೂ ಮನೆಯಲ್ಲಿದ್ದರೆ ಈ ತಿಂಗಳು ಅದನ್ನು ಮುಟ್ಟಲೇಬೇಡಿ. ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಓಡಿಸಿದರೆ ಪಾದ ಎರಡನ್ನೂ ಕಲಿಯದು.

ಪ್ರಶ್ನೆ: ಎಬಿಎಸ್ ಇದೆ, ಮುಂದೆ 300 ಮಿ.ಮೀ. ಡಿಸ್ಕ್ ಇದೆ. ಇನ್ನೂ ಬ್ರೇಕ್ ಅಭ್ಯಾಸ ಮಾಡಬೇಕೆ?
— ಓದುಗರು, ಶಿರಸಿ

ಉತ್ತರ: ಮಾಡಲೇಬೇಕು. ಡ್ರಮ್ ಬ್ರೇಕಿನ ಗಾಡಿ ಓಡಿಸಿದವರಲ್ಲಿ ಬಹಳ ಜನ ಹಿಂದಿನ ಬ್ರೇಕನ್ನೇ ತುಳಿಯುವವರು. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂದಿನ ಟೈರು ಹಗುರಾಗುತ್ತದೆ. ಹಾಗಾಗಿ ಗಾಡಿ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದೇ.

ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿಯಬಲ್ಲವರಿಗೂ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು. 100ರಿಂದ 55 ಮೀಟರ್. ಕಣ್ಣಿಗೆ ಕಂಡು ಕೈ ಆಡುವ ಒಂದು ಸೆಕೆಂಡಿನಲ್ಲಿ ಹೋಗುವ ದೂರ ಸೇರಿಸಿದರೆ 37 ಮತ್ತು 83 ಮೀಟರ್. ಎಂಜಿನ್ ದೊಡ್ಡದಾದಂತೆ ನೂರು ತಲುಪಿದ್ದೇ ಗೊತ್ತಾಗುವುದಿಲ್ಲ, ತೊಂದರೆ ಅಲ್ಲಿರುವುದು.

ಭಾನುವಾರ ಬೆಳಿಗ್ಗೆ ಖಾಲಿ, ಮಣ್ಣಿಲ್ಲದ ಡಾಂಬರು ಹುಡುಕಿ. ನೀರಿನ ಬಾಟಲಿಯೊಂದನ್ನು ಗುರುತಿಗೆ ಇಟ್ಟು, 30ರ ವೇಗದಲ್ಲಿ ಬಂದು ಅಲ್ಲಿಂದ ಎರಡೂ ಬ್ರೇಕ್ ಹಿಡಿಯಿರಿ, ಹ್ಯಾಂಡಲ್ ನೇರವಾಗಿರಲಿ. ಮುಂದಿನ ಲಿವರನ್ನು ಗಬಕ್ಕನೆ ಎಳೆಯದೆ ನಿಂಬೆಹಣ್ಣು ಹಿಂಡಿದ ಹಾಗೆ ಬಿಗಿಮಾಡುತ್ತಾ ಹೋಗಿ. ಹತ್ತು ಸಲ ಆದ ಮೇಲೆ 40, ಆಮೇಲೆ 60. ಎಬಿಎಸ್ ಕೆಲಸ ಮಾಡಿದಾಗ ಲಿವರು, ಪೆಡಲು ಟಕಟಕ ಅಂತ ನಡುಗುತ್ತವೆ. ಗಾಬರಿಯಾಗಿ ಬಿಟ್ಟುಬಿಡುವುದೇ ಹೊಸಬರು ಮಾಡುವ ತಪ್ಪು, ಹಿಡಿದೇ ಇರಿ.

ಪ್ರಶ್ನೆ: ನಿಂತಲ್ಲೇ ಯು-ಟರ್ನ್ ಮಾಡುವಾಗ ಹೊಸ ಬೈಕು ಬೀಳಿಸಿದೆ. ಇಬ್ಬರು ಬಂದು ಎತ್ತಬೇಕಾಯಿತು. ಒಬ್ಬರೇ ಎತ್ತುವ ಉಪಾಯ ಇದೆಯೇ?
— ಓದುಗರು, ಮಡಿಕೇರಿ

ಉತ್ತರ: ಇದೆ, ಎತ್ತುವ ಶಕ್ತಿ ಕಾಲುಗಳದ್ದಾಗಬೇಕು, ಬೆನ್ನಿನದಲ್ಲ. ಮೊದಲು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿ, ಕೀ ಆಫ್ ಮಾಡಿ. ಗೇರಿನಲ್ಲಿರಲಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡಿ. ಮರೆತರೆ ಎತ್ತಿದ ರಭಸಕ್ಕೆ ಗಾಡಿ ಆ ಕಡೆಗೆ ಬೀಳುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಮಾಡಿ ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಆನಿಸಿ ಕುಕ್ಕುರುಗಾಲಲ್ಲಿ ಕೂತು, ಒಂದು ಕೈಯಲ್ಲಿ ನೆಲದ ಕಡೆಯ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೇಲ್ (ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ) ಹಿಡಿಯಿರಿ. ಸಣ್ಣ ಹೆಜ್ಜೆ ಇಡುತ್ತಾ ಹಿಂದಕ್ಕೆ ನಡೆಯಿರಿ.

ಬಿದ್ದದ್ದು ಯಾಕೆ ಅಂತ ನೀವು ಬರೆದಿಲ್ಲ, ಆದರೂ ಊಹಿಸಬಹುದು: ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಮುಟ್ಟಿರುತ್ತೀರಿ. ಸ್ಪ್ಲೆಂಡರನ್ನು ಆಗ ಒಂದು ಕಾಲು ಊರಿ ತಡೆಯಬಹುದು, 195 ಕೆಜಿಯನ್ನು ಆಗದು. ನಿಧಾನ ತಿರುವಿನಲ್ಲಿ ಅರ್ಧ ಕ್ಲಚ್, ಹಿಂದಿನ ಬ್ರೇಕ್ ಹಗುರಾಗಿ, ಕಣ್ಣು ಹೋಗಬೇಕಾದ ಕಡೆ.

ಪ್ರಶ್ನೆ: 350ಕ್ಕೂ 400ಕ್ಕೂ ಖರ್ಚಿನಲ್ಲಿ ಅಂಥಾ ವ್ಯತ್ಯಾಸವೇನು?
— ಓದುಗರು, ಹುಬ್ಬಳ್ಳಿ

ಉತ್ತರ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18%, ಅದಕ್ಕೆ ಮೇಲ್ಪಟ್ಟದ್ದಕ್ಕೆ 40%. ತೆರಿಗೆಗೆ ಮುಂಚಿನ ಬೆಲೆ 1,60,000 ಇದ್ದರೆ ತೆರಿಗೆ ಒಂದಕ್ಕೆ 28,800, ಇನ್ನೊಂದಕ್ಕೆ 64,000. 2022ರಲ್ಲಿ ನಿಗದಿಯಾದ ದರದಂತೆ ಹೊಸ ಗಾಡಿಯ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿಸಿಗೆ 7,365 ರೂಪಾಯಿ, ಮೇಲಿನದಕ್ಕೆ 15,117. ಕ್ಲಾಸಿಕ್, ಹಂಟರುಗಳ ಎಂಜಿನ್ 349 ಸಿಸಿ. ಆ ಒಂದು ಸಿಸಿಯ ಬೆಲೆ ಈಗ ಗೊತ್ತಾಗುತ್ತಿದೆ. ಪೆಟ್ರೋಲು: ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಲೀಟರಿಗೆ 60 ಕೊಡುವ ಸಣ್ಣ ಗಾಡಿಯಲ್ಲಿ 17 ಲೀಟರ್ ಸಾಕು, 35 ಕೊಡುವ ದೊಡ್ಡದರಲ್ಲಿ 29 ಬೇಕು. ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಜೆಎಎಸ್ಒ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುವ ಆಯಿಲಿನ ಗುರುತು) ಅಂತ ಇರಲಿ. ಉಳಿಸಲು ಹೋಗಿ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕೆಟಿಎಂ 390 ಡ್ಯೂಕ್ ನೋಡಿದ್ದೇನೆ. ಬಿದ್ದಿದ್ದ ಗಾಡಿಯೋ ಅಲ್ಲವೋ ಗುರುತಿಸುವುದು ಹೇಗೆ?
— ಓದುಗರು, ಮಂಗಳೂರು

ಉತ್ತರ: ಬಣ್ಣ, ಸ್ಟಿಕ್ಕರ್ ನೋಡಬೇಡಿ, ಅವು ಹೊಸದಾಗಿ ಸಿಗುತ್ತವೆ. ಹ್ಯಾಂಡಲನ್ನು ಒಂದು ತುದಿಗೆ ತಿರುಗಿಸಿ, ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಬಂದು ತಾಗುವ ಜಾಗದಲ್ಲಿ ಫ್ರೇಮಿನ ಮೇಲೆ ಒಂದು ಸಣ್ಣ ಗುಬುಟು ಇರುತ್ತದೆ. ಅದು ಜಜ್ಜಿದ್ದರೆ, ಅಲ್ಲಿ ಮಾತ್ರ ಹೊಸ ಪೇಂಟ್ ಇದ್ದರೆ, ಗಾಡಿ ಜೋರಾಗಿಯೇ ಬಿದ್ದಿದೆ, ಬಿಟ್ಟು ಬನ್ನಿ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕ್ ಅಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿದೆ. ಫೋರ್ಕಿನ ಹೊಳೆಯುವ ಕೊಳವೆಯಲ್ಲಿ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ಇವೆರಡೂ ರಿಪೇರಿಯಾಗುವಂಥವು, ಬೆಲೆ ಇಳಿಸಿ ಕೇಳಿ. ಟೈರಿನ ಮೇಲೆ ಕೊನೆಯ ನಾಲ್ಕಂಕಿ 2321 ಅಂತ ಇದ್ದರೆ ಅದು 2021ರ 23ನೇ ವಾರದ್ದು.

ನೀವು ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವ ಎಂಜಿನ್ನೇ ನಿಜ ಹೇಳುವುದು. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ಹಣ. ಹೆಸರು ಬದಲಾವಣೆಗೆ ಫಾರಂ 29, 30. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಪ್ರಶ್ನೆ: 650 ಸಿಸಿಗೆ ಬೇರೆ ಲೈಸೆನ್ಸ್ ಬೇಕೇ? ಅಷ್ಟು ದೊಡ್ಡ ಬೈಕಾದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬಿಡುತ್ತಾರಾ?
— ಓದುಗರು, ಮಂಡ್ಯ

ಉತ್ತರ: ಬೇಡ, ಗೇರ್ ಇರುವ ಬೈಕಿನ ಲೈಸೆನ್ಸ್ ಎಲ್ಲ ಸಿಸಿಗೂ ಒಂದೇ. ಎಕ್ಸ್‌ಪ್ರೆಸ್‌ವೇಗೆ ಬಿಡುವುದಿಲ್ಲ, 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕುಗಳಿಗೆ ನಿಷೇಧ, ಸಿಸಿ ಎಷ್ಟಿದ್ದರೂ ಸರ್ವಿಸ್ ರಸ್ತೆಯೇ ಗತಿ.