ದಾರಿಗೆ ಸ್ಟೇ ಬಂದಾಗ

ಶಿರಸಿ ಹತ್ತಿರದ ಹಳ್ಳಿಯೊಂದರಿಂದ ಬಂದ ಪತ್ರದ ಸಾರ: ‘ನಮ್ಮ ಅಡಿಕೆ ತೋಟದ ದಾರಿ ಪಕ್ಕದವರ ಜಾಗದಲ್ಲಿ ಹಾದುಹೋಗುತ್ತದೆ. ಅಪ್ಪನ ಕಾಲದಿಂದ ಅಲ್ಲೇ ಗಾಡಿ ಓಡಿಸಿದ್ದೇವೆ. ಈಗ ಅವರು ಬೇಲಿ ಹಾಕಿ ಕೋರ್ಟಿನಿಂದ ಸ್ಟೇ ತಂದಿದ್ದಾರೆ. ನನ್ನನ್ನು ಒಂದು ಮಾತೂ ಕೇಳದೆ ಹೇಗೆ ಕೊಟ್ಟರು? ಕೊನೆ (ಅಡಿಕೆ ಗೊನೆ) ಕೊಯ್ಲು ಹತ್ತಿರ ಬಂತು. ಬೇಲಿ ಕಿತ್ತು ಟ್ರ್ಯಾಕ್ಟರ್ ಒಯ್ಯಲೇ?’

ಉತ್ತರ: ದಯವಿಟ್ಟು ಒಯ್ಯಬೇಡಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ಕೊಯ್ದ ಹಸಿ ಅಡಿಕೆಯನ್ನು ತೋಟದಲ್ಲಿ ರಾಶಿ ಹಾಕಿ ಕೂರುವಂತಿಲ್ಲ, ಸುಲಿದು ಬೇಯಿಸಬೇಕು. ಆದರೆ ತಡೆಯಾಜ್ಞೆ ಮುರಿದರೆ ಆಸ್ತಿ ಜಪ್ತಿಯಾಗಬಹುದು, 3 ತಿಂಗಳವರೆಗೆ ಸಿವಿಲ್ ಜೈಲೂ ಆಗಬಹುದು. ಆಜ್ಞೆಯೇ ಸರಿಯಿರಲಿಲ್ಲ ಅಂತ ಆಮೇಲೆ ಗೊತ್ತಾದರೂ ಮುರಿದ ತಪ್ಪು ಹಾಗೇ ಉಳಿಯುತ್ತದೆ.

ಈ ಸ್ಟೇ ಅಂತಿಮ ತೀರ್ಪಲ್ಲ. ದಾರಿಯ ಹಕ್ಕು ಯಾರದು ಅನ್ನುವುದು ಇನ್ನೂ ಇತ್ಯರ್ಥವಾಗಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ (ಅಂದರೆ ಸಂಹಿತೆಯ ಒಂದು ಭಾಗದ) ಪ್ರಕಾರ ಮೊದಲು ಎದುರಾಳಿಗೆ ನೋಟಿಸ್ ಕೊಡುವುದೇ ನಿಯಮ. ನೋಟಿಸ್ ಕೊಡುವಷ್ಟರಲ್ಲಿ ಕೆಲಸ ಕೆಡುತ್ತದೆ ಅನ್ನಿಸಿದರೆ ಮಾತ್ರ ನ್ಯಾಯಾಧೀಶರು ಕಾರಣ ಬರೆದು ಏಕಪಕ್ಷೀಯವಾಗಿ ಕೊಡಬಹುದು. ಹಾಗೆ ಆಜ್ಞೆ ಪಡೆದವರು ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ದಾವೆಯ ಪ್ರತಿ, ದಾಖಲೆಗಳು ಎಲ್ಲವನ್ನೂ ನಿಮಗೆ ತಲುಪಿಸಬೇಕು, ಇಲ್ಲವೇ ಕೂಡಲೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಕಳಿಸಿದ್ದೇನೆ ಅಂತ ಅದೇ ದಿನ ಅಥವಾ ಮರುದಿನ ಕೋರ್ಟಿಗೆ ಪ್ರಮಾಣಪತ್ರವನ್ನೂ ಕೊಡಬೇಕು. ಹಾಗಾಗಿ ಮನೆಗೆ ಬಂದ ಲಕೋಟೆ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯ ತಾರೀಖು, ಒಳಗೆ ಯಾವ ಕಾಗದ ಇದೆ, ಯಾವುದು ಇಲ್ಲ, ಎಲ್ಲವನ್ನೂ ನಿಮ್ಮ ವಕೀಲರು ನೋಡಲಿ.

ಏಕಪಕ್ಷೀಯ ಆಜ್ಞೆ ಕೊಟ್ಟ ಮೇಲೆ 30 ದಿನದೊಳಗೆ ಆ ಅರ್ಜಿ ತೀರ್ಮಾನಿಸಲು ಕೋರ್ಟು ಪ್ರಯತ್ನಿಸಬೇಕು ಅಂತ ಕಾನೂನೇ ಹೇಳುತ್ತದೆ. ಇದನ್ನು ಬಿಡಬೇಡಿ. ಮೊದಲ ತಾರೀಖಿಗೇ ತಕರಾರು ಹಾಕಿ. ಸುಮ್ನೆ ವಾಯಿದೆ ಕೇಳುತ್ತಾ ಹೋದರೆ ಸ್ಟೇ ಮುಂದುವರಿಯುತ್ತದೆ, ನಷ್ಟ ನಿಮಗೇ ಅಲ್ವಾ?

ಅಲ್ಲಿ ಕೋರ್ಟು ನೋಡುವುದು ಮೇಲ್ನೋಟಕ್ಕೆ ಅವರ ಕೇಸಿನಲ್ಲಿ ಹುರುಳಿದೆಯೇ, ಸ್ಟೇ ಇಲ್ಲದಿದ್ದರೆ ಅವರಿಗೆ ತುಂಬಿಕೊಡಲಾಗದ ನಷ್ಟವೇ, ಇದ್ದರೆ ಯಾರಿಗೆ ಜಾಸ್ತಿ ತೊಂದರೆ ಅನ್ನುವುದನ್ನು. ಈ ಕೊನೆಯ ಪ್ರಶ್ನೆಯಲ್ಲೇ ನಿಮ್ಮ ಬಲ ಇದೆ ಅಂತ ನನ್ನ ಅನಿಸಿಕೆ. ಬೇರೆ ದಾರಿ ಇಲ್ಲ ಅನ್ನುವುದನ್ನು ಸರ್ವೆ ನಕ್ಷೆಯಿಂದ ತೋರಿಸಿ. ಹಳೆಯ ಫೋಟೋ ಹುಡುಕಿ. ವರ್ಷವೂ ಅದೇ ದಾರಿಯಲ್ಲಿ ಬರುವ ಕೊನೆಗೌಡರಿಂದ (ಮರ ಹತ್ತಿ ಕೊನೆ ಇಳಿಸುವವರಿಂದ) ಪ್ರಮಾಣಪತ್ರ ಮಾಡಿಸಿ. 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಯಾರ ಅನುಮತಿಯನ್ನೂ ಬೇಡದೆ ಹಕ್ಕಿನಿಂದ ಓಡಾಡಿದ ದಾರಿಗೆ 1882ರ ಈಸ್ಮೆಂಟ್ (ಬೇರೆಯವರ ಜಾಗದ ಅನುಭೋಗದ ಹಕ್ಕು) ಕಾನೂನಿನಡಿ ಹಕ್ಕು ಕೇಳಬಹುದು. ಅಂಥ ದಾರಿ ಇರುವುದನ್ನೇ ಪಕ್ಕದವರು ಕೋರ್ಟಿನಿಂದ ಮುಚ್ಚಿಟ್ಟು, ಗೊತ್ತಿದ್ದೂ ಸುಳ್ಳು ಹೇಳಿ ಏಕಪಕ್ಷೀಯ ಆಜ್ಞೆ ಪಡೆದಿದ್ದರೆ, ಅದನ್ನು ತೆರವು ಮಾಡಲು ಅದೇ ದೊಡ್ಡ ಕಾರಣವಾಗುತ್ತದೆ.

ಪೂರ್ತಿ ತೆರವಿಗೆ ತಡವಾಗುವಂತಿದ್ದರೆ, ಕೊಯ್ಲು ಮುಗಿಯುವವರೆಗೆ ಹಗಲು ಹೊತ್ತಿನಲ್ಲಾದರೂ ಟ್ರ್ಯಾಕ್ಟರ್ ಬಿಡುವಂತೆ ಆಜ್ಞೆ ಬದಲಿಸಿ ಅಂತ ಕೇಳಿ. ಅಷ್ಟನ್ನು ಕೇಳುವ ಅವಕಾಶ ನಿಮಗಿದೆ. ಕೊನೆ ಇಳಿಸುವ ದಿನಗಳನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಸಿ. ವ್ಯಾಜ್ಯ ಕೋರ್ಟಿನಲ್ಲಿರುವುದರಿಂದ ನಿಮ್ಮ ಹೆಸರು, ಊರು ಹಾಕಿಲ್ಲ.

– ಸಂಪಾದಕ