ಕೈತೋಟ ಪ್ರಶ್ನೋತ್ತರ: ಬಾಡಿಗೆ ಮನೆಯ ಮುಂದೆ ಬರಿ ಮಣ್ಣು ಬಿಡಬೇಡಿ

ಪ್ರಶ್ನೆ: ನಮ್ಮ ಚಿಕ್ಕ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಮುಂದೆ 20 ಅಡಿ ಅಗಲ, 10 ಅಡಿ ಉದ್ದದ ಜಾಗ ಇದೆ. ಮೊದಲು ಹುಲ್ಲುಹಾಸು ಇತ್ತು. ಬಂದವರು ಯಾರೂ ನೋಡಿಕೊಳ್ಳಲಿಲ್ಲ. ಈಗ ಅರ್ಧ ಕಳೆ, ಅರ್ಧ ಒಣಮಣ್ಣು. ನಾವು ದೂರದಲ್ಲಿದ್ದೇವೆ, ವರ್ಷಕ್ಕೆ ಎರಡು ಮೂರು ಸಲ ಹೋಗಿ ಬರಬಹುದಷ್ಟೇ. ಬಿಸಿಲು ಚೆನ್ನಾಗಿದೆ, ಹಿಮ ಬೀಳುವ ಊರಲ್ಲ. ಪೂರ್ತಿ ಸಿಮೆಂಟ್ ಹಾಕಿಸಿಬಿಡೋಣ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ಖಂಡಿತ ಇದೆ. ಸಿಮೆಂಟ್ ಬೇಡ. ಮಳೆನೀರು ಇಂಗಲು ಜಾಗ ಸಿಗದೆ ಬಾಗಿಲ ಕಡೆಗೋ ಪಕ್ಕದ ಮನೆಗೋ ನುಗ್ಗುತ್ತದೆ. ಹಗಲೆಲ್ಲಾ ಕಾದ ಸಿಮೆಂಟು ಕತ್ತಲಾದ ಮೇಲೂ ಮುಂದಿನ ಕೋಣೆಗೆ ಧಗೆ ಹೊಡೆಸುತ್ತದೆ. ಮೇಲಾಗಿ ಕೆಲವು ವರ್ಷದಲ್ಲಿ ಬಿರುಕು ಬಿಟ್ಟು, ಆ ಬಿರುಕಿನಲ್ಲೇ ಕಳೆ ಏಳುತ್ತದೆ.

ಬೇರೆಯವರ ಮನೆಗೆ ಕೈತೋಟ ಮಾಡಿಕೊಡುವುದೇ ನನ್ನ ಕೆಲಸ. ಬಾಡಿಗೆ ಮನೆ ಅಂದರೆ ಯಾವ ಹೂವು ಇಷ್ಟ ಅಂತ ನಾನು ಮೊದಲು ಕೇಳುವುದಿಲ್ಲ. ಮನೆ ಎರಡು ತಿಂಗಳು ಖಾಲಿ ಬಿದ್ದರೆ ಈ ಗಿಡ ಬದುಕುತ್ತದಾ ಅಂತ ಕೇಳುತ್ತೇನೆ. ಬದುಕುವುದಿಲ್ಲ ಅಂದರೆ, ಎಷ್ಟೇ ಚಂದ ಇದ್ದರೂ ಆ ಗಿಡ ಅಲ್ಲಿಗೆ ಬೇಡ. ಬಾಡಿಗೆಯವರನ್ನು ದೂರಿ ಪ್ರಯೋಜನವಿಲ್ಲ. ಕೆಲಸ, ಮಕ್ಕಳು ಅಂತ ಅವರಿಗೆ ಅವರ ಬದುಕು ಇರುತ್ತದೆ. ಹುಲ್ಲುಹಾಸಿಗೆ ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಕತ್ತರಿ ಬೇಕು, ಬೇಸಿಗೆಯಲ್ಲಿ ನೀರು ಬೇಕು, ಅಂಚು ಸವರಬೇಕು. ಯಂತ್ರ ಯಾರದು, ನೀರಿನ ಖರ್ಚು ಯಾರದು ಅನ್ನೋ ಜಗಳ ಬೇರೆ. ಮುಂದಿನ ಜಾಗಕ್ಕೆ ಅದಕ್ಕಿಂತ ಜಾಸ್ತಿ ದುಡಿಮೆ ಕೇಳುವುದು ಇನ್ನೊಂದಿಲ್ಲ. ಮೊದಲು ಹುಲ್ಲನ್ನು ಬಿಟ್ಟುಬಿಡಿ.

ಮುಂದಿನ ತೋಟದಲ್ಲಿ ಕೆಲಸ ಹುಟ್ಟುವುದು ಎರಡೇ ಕಡೆಯಿಂದ. ಒಂದು, ಬಿಸಿಲು ಬೀಳುವ ಬರಿ ಮಣ್ಣು. ಇನ್ನೊಂದು, ಜಾಗಕ್ಕಿಂತ ದೊಡ್ಡದಾಗುವ ಗಿಡ. ಇವೆರಡನ್ನು ಈಗಲೇ ಸರಿ ಮಾಡಿದರೆ ಆಮೇಲೆ ನೀವು ಬಂದಾಗ ಮಾಡುವುದು ಅರ್ಧ ದಿನದ ಕೆಲಸ.

ಮೊದಲು ದಾರಿ. ಗೇಟಿನಿಂದ ಬಾಗಿಲಿಗೆ 4 ಅಡಿ ಅಗಲ ಬಿಡಿ. ಸೋಫಾ, ಫ್ರಿಡ್ಜ್ ಹೊತ್ತು ತರುವವರು ಅದರಲ್ಲಿ ಆರಾಮಾಗಿ ನಡೆಯಬೇಕು. ದಾರಿ ಕಿರಿದಾದರೆ ಸಾಮಾನು ಸಾಗಿಸುವ ಪ್ರತಿ ಸಲವೂ ಅಂಚಿನ ಗಿಡಗಳು ತುಳಿತಕ್ಕೆ ಸಿಗುತ್ತವೆ, ಮತ್ತೆ ನೆಡುವ ಕೆಲಸ ನಿಮ್ಮದೇ. ಕಲ್ಲುಚಪ್ಪಡಿಗಳನ್ನು ಮರಳಿನ ಮೇಲೆ ಕೂರಿಸಿದರೆ ಸಂದಿಯಲ್ಲಿ ನೀರು ಇಂಗುತ್ತದೆ, ಪೈಪು ರಿಪೇರಿ ಬಂದಾಗ ಎತ್ತಿ ಮತ್ತೆ ಇಡಲೂಬಹುದು. ಮೀಟರ್ ಪೆಟ್ಟಿಗೆ, ನಲ್ಲಿ, ಚರಂಡಿ ಮುಚ್ಚಳಗಳ ಮುಂದೆ ಏನೂ ನೆಡಬೇಡಿ. ನಲ್ಲಿ ಹತ್ತಿರ ಉದ್ದ ಪೈಪು ಒಂದನ್ನು ನೀವೇ ಇಟ್ಟುಹೋಗಿ. ಪೈಪು ಇರುವ ಮನೆಯಲ್ಲಿ ಗಿಡಕ್ಕೆ ನೀರು ಬೀಳುತ್ತದೆ. ಬಕೆಟ್ಟಿನಲ್ಲಿ ಹೊತ್ತು ಹಾಕಬೇಕು ಅಂದರೆ ಬೀಳುವುದಿಲ್ಲ.

ದಾರಿ ಕಳೆದರೆ ನಿಮಗೆ ಉಳಿಯುವುದು 160 ಚದರಡಿ. ಅದರಲ್ಲಿ ಬಾಗಿಲಿಂದ ದೂರದ ಎರಡು ಮೂಲೆಗೆ, ಗೋಡೆಯಿಂದ ಎರಡಡಿ ಆಚೆ, ಕುಳ್ಳು ಜಾತಿಯ ಕೇಪಳ ಹಾಕಿ. ಎರಡು ಮೂರು ಅಡಿಗೆ ತಾನೇ ನಿಲ್ಲುತ್ತದೆ, ಕತ್ತರಿ ಕೇಳುವುದಿಲ್ಲ. ದಾಸವಾಳ ನನಗೂ ಇಷ್ಟ. ಆದರೆ ಬಿಟ್ಟರೆ ಎಂಟಡಿ ದಾಟಿ ಕಿಟಕಿ ಮುಚ್ಚುತ್ತದೆ. ಕಾಗದದ ಹೂವಿನ ಮುಳ್ಳು ದಾರಿಗೆ ಚಾಚುತ್ತದೆ. ಇವೆರಡೂ ಮಾಲೀಕರು ಅಲ್ಲೇ ವಾಸವಿರುವ ಮನೆಗೆ ಸರಿ. ಗೋಡೆಯ ಬುಡದ ಒಣ ಪಟ್ಟಿಗೆ ಹಾವಿನ ಗಿಡ (ಸ್ನೇಕ್ ಪ್ಲಾಂಟ್), ಒಳ್ಳೆ ಬಿಸಿಲಿಗೆ ಲೋಳೆಸರ. ಇವು ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತವೆ, ತಿಂಗಳುಗಟ್ಟಲೆ ಯಾರೂ ನೋಡದಿದ್ದರೂ ತಡೆಯುತ್ತವೆ. ಅಂಚಿಗೆ ರಿಯೋ ಚಂದ, ಎಲೆ ಮೇಲೆ ಹಸಿರು, ಅಡಿಯಲ್ಲಿ ನೇರಳೆ. ಅದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಅದಕ್ಕೇ ಕೈಗೆ ತಾಗುವ ಜಾಗದಲ್ಲಿ ಬೇಡ. ನಡುನಡುವೆ ಮಳೆ ಲಿಲ್ಲಿ ಗೆಡ್ಡೆಗಳನ್ನು ಹೂತುಬಿಡಿ. ಅವು ಒಣ ಕಾಲದಲ್ಲಿ ಸುಮ್ನೆ ಮಲಗಿರುತ್ತವೆ, ಒಳ್ಳೆ ಮಳೆ ಬಿದ್ದ ಕೆಲವೇ ದಿನಕ್ಕೆ ಹೂ ತೆಗೆಯುತ್ತವೆ.

ಉಳಿದ ನೆಲಕ್ಕೆ ಹೊದಿಕೆ ಗಿಡ ಬೇಕು. ನನ್ನ ಆಯ್ಕೆ ಹಳದಿ ಹೂವಿನ ನೆಲಗಡಲೆ ಜಾತಿಯದು, ಅಂದರೆ ಅರಾಕಿಸ್ ಪಿಂಟೋಯಿ. ಗೇಣಿಗೊಂದು ಕಡ್ಡಿ ಊರಿದರೆ ಹಬ್ಬಿ ಚಾಪೆಯಾಗುತ್ತದೆ. ದ್ವಿದಳ ಜಾತಿ ಆದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ, ಗೊಬ್ಬರದ ಚಿಂತೆ ಕಡಿಮೆ. ಅರೆನೆರಳಿಗೂ ಒಗ್ಗುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. "ಏನೂ ಮಾಡಬೇಕಾಗಿಲ್ಲ, ತಾನೇ ಹಬ್ಬುತ್ತೆ" ಅಂತ ಯಾರಾದರೂ ವೆಡೇಲಿಯಾ ಅಥವಾ ಲಂಟಾನ ಕೊಟ್ಟರೆ ತೆಗೆದುಕೊಳ್ಳಬೇಡಿ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇವೆರಡೂ ಇವೆ. ಬೇಲಿ ದಾಟಿ ಹೋಗಿ ಸುತ್ತಲಿನ ಗಿಡಗಳನ್ನೇ ನುಂಗುತ್ತವೆ. ಕಣಗಿಲೆಯೂ ಬೇಡ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ನಾಳೆ ಆ ಮನೆಗೆ ಪುಟ್ಟ ಮಕ್ಕಳಿರುವವರು ಬರಬಹುದು, ನಾಯಿ ಸಾಕಿದವರು ಬರಬಹುದು. ಯಾರು ಬರುತ್ತಾರೆ ಅಂತ ಇವತ್ತು ನಿಮಗೆ ಗೊತ್ತಿರುವುದಿಲ್ಲ ಅಲ್ವಾ?

ನೆಟ್ಟ ದಿನವೇ ಮುಚ್ಚಿಗೆ ಹಾಕಿ. ಮರದ ಚಕ್ಕೆ, ಒಣಎಲೆ, ತೊಗಟೆ ಯಾವುದಾದರೂ ಸರಿ, 3 ಇಂಚು ದಪ್ಪ. ನಿಮ್ಮ 160 ಚದರಡಿಗೆ ಲೆಕ್ಕ ಹಾಕಿದರೆ 40 ಘನ ಅಡಿ ಬೇಕು. ಒಂದೇ ಇಂಚು ಹಾಕಿದರೆ ಬೆಳಕು ತೂರಿ ಕಳೆ ಮೊಳೆಯುತ್ತದೆ, ಹಾಕಿದ್ದು ದಂಡ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ತೇವ ನಿಂತು ತೊಗಟೆ ಕೊಳೆಯುತ್ತದೆ. ಮನೆಯ ಗೋಡೆಯಿಂದ ಅರ್ಧ ಅಡಿ ದೂರ ಇಡಿ. ತೇವದ ಚಕ್ಕೆ ಗೋಡೆಗೆ ಒರಗಿದರೆ ಗೆದ್ದಲು ಅದರ ಮರೆಯಲ್ಲೇ ಮೇಲೆ ಹತ್ತುತ್ತದೆ, ನಿಮಗೆ ಕಾಣುವುದೇ ಇಲ್ಲ. ಮಣ್ಣಿನ ಮಟ್ಟವೂ ಮನೆಯೊಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಲಿ.

ಇದೆಲ್ಲವನ್ನು ಮಳೆ ಶುರುವಾಗುವ ಹೊತ್ತಿಗೆ ಮಾಡಿ. ಎಂಥ ಗಟ್ಟಿ ಗಿಡಕ್ಕೂ ಮೊದಲ ವರ್ಷ ನೀರು ಬೇಕೇ ಬೇಕು. ದಿನಾ ಮೇಲೆ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಟ್ಟರೆ ಬೇರೂ ಆಳಕ್ಕೆ ಹೋಗುತ್ತದೆ. ನೀರು ಕೊಟ್ಟು ಒಂದು ಗಂಟೆ ಬಿಟ್ಟು ಮುಚ್ಚಿಗೆ ಸರಿಸಿ ಬೆರಳು ಊರಿ ನೋಡಿ. ಮೇಲಿನ ಗೆಣ್ಣಷ್ಟೇ ಒದ್ದೆಯಾಗಿದ್ದರೆ ಸಾಲದು, ಪೂರ್ತಿ ಬೆರಳಿಗೂ ತಂಪು ತಾಗಬೇಕು. ಆ ಒಂದು ವರ್ಷಕ್ಕೆ ಯಾರು ನೀರು ಹಾಕುತ್ತಾರೆ ಅನ್ನುವುದನ್ನು ಬಾಡಿಗೆ ಕರಾರಿನಲ್ಲೇ ಒಂದು ಸಾಲು ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಆಮೇಲೆ ನೀವು ಬಂದಾಗ ಮುಚ್ಚಿಗೆ ತೆಳುವಾದಲ್ಲಿ ಸೇರಿಸುವುದು, ದಾರಿಗೆ ಹಬ್ಬಿದ್ದನ್ನು ಸವರುವುದು, ಅಷ್ಟೇ ಉಳಿಯುವ ಕೆಲಸ.

ಪ್ರಶ್ನೆ: ನೆಲಕ್ಕೆ ಕಳೆ ತಡೆಯುವ ಕಪ್ಪು ಬಟ್ಟೆ ಹಾಸಿ ಮೇಲೆ ಜಲ್ಲಿ ಸುರಿದರೆ ಸಾಲದೇ? ಗಿಡವೇ ಬೇಡ ಅಂತಿದ್ದೇನೆ.

ಉತ್ತರ: ಮೊದಲ ವರ್ಷ ಚೊಕ್ಕವಾಗಿ ಕಾಣುತ್ತದೆ. ಆಮೇಲೆ ಜಲ್ಲಿಯ ಸಂದಿಗೆ ಧೂಳು ಬೀಳುತ್ತದೆ, ಎಲೆ ಬಿದ್ದು ಕೊಳೆಯುತ್ತದೆ, ಬಟ್ಟೆಯ ಮೇಲೇ ಹೊಸ ಮಣ್ಣು ಹುಟ್ಟುತ್ತದೆ. ಗಾಳಿಗೆ ಬಂದ ಬೀಜ ಅಲ್ಲೇ ಮೊಳೆತು ಬಟ್ಟೆಯ ಎಳೆಗೆ ಬೇರು ಹೆಣೆಯುತ್ತದೆ. ಕಿತ್ತರೆ ಬಟ್ಟೆಯೂ ಕಿತ್ತು ಬರುತ್ತದೆ. ಆಗ ಜಲ್ಲಿ ಎತ್ತಿ, ಬಟ್ಟೆ ತೆಗೆದು, ಮಣ್ಣು ಬೇರೆ ಮಾಡುವುದು ಸೊಂಟ ಮುರಿಯುವ ಕೆಲಸ.

ನಿಮ್ಮ ಜಾಗದಲ್ಲಿ ಕೊನ್ನಾರಿ ಅನ್ನೋ ಕಳೆಹುಲ್ಲು ಇದ್ದರಂತೂ ಬಟ್ಟೆಯನ್ನು ನಂಬಲೇಬೇಡಿ. ಅದರ ಚಿಗುರು ಸೂಜಿಯಂತೆ ಚೂಪು, ಪ್ಲಾಸ್ಟಿಕ್ ಹಾಳೆಯನ್ನೂ ತೂತು ಮಾಡಿ ಮೇಲೆ ಬರುತ್ತದೆ. ಒಂದನ್ನು ಸಣ್ಣ ಸಲಿಕೆಯಿಂದ ನಿಧಾನಕ್ಕೆ ಅಗೆದು ನೋಡಿ. ದಾರದಂಥ ಬೇರಿನಲ್ಲಿ ಕಪ್ಪು ಗೆಡ್ಡೆಗಳು ಒಂದರ ಹಿಂದೆ ಒಂದು ಪೋಣಿಸಿಕೊಂಡಿರುತ್ತವೆ. ಮೇಲಿನ ಹುಲ್ಲನ್ನಷ್ಟೇ ಎಳೆದರೆ ದಾರ ತುಂಡಾಗಿ, ಮಣ್ಣಿನಲ್ಲಿ ಉಳಿದ ಗೆಡ್ಡೆಗಳು ಬೇರೆ ಬೇರೆಯಾಗಿ ಚಿಗುರುತ್ತವೆ. ಮಣ್ಣು ಒದ್ದೆ ಇದ್ದಾಗ ಗೆಡ್ಡೆ ಸಮೇತ ಅಗೆದು ತೆಗೆಯಬೇಕು. ಕೆಲವು ವಾರ ಬಿಟ್ಟು ಮತ್ತೆ ಬಂದದ್ದನ್ನು ಮತ್ತೆ ತೆಗೆಯಬೇಕು. ಈ ಒಂದು ಕೆಲಸಕ್ಕೆ ಅಡ್ಡದಾರಿ ಇಲ್ಲ. ಗಿಡ ನೆಡುವ ಮೊದಲೇ ಮುಗಿಸಿಕೊಳ್ಳಿ.

ಜಲ್ಲಿ ಬೇಕೇ ಬೇಕು ಅಂದರೆ ದಾರಿಯ ಪಕ್ಕದ ಕಿರು ಪಟ್ಟಿಗೆ, ಮೇಲೆ ಮರದ ಎಲೆ ಬೀಳದ ಕಡೆ ಹಾಕಿ. ಇಡೀ ಅಂಗಳಕ್ಕೆ ಬೇಡ. ಬಿಸಿಲಿಗೆ ಕಾಯುವುದರಲ್ಲಿ ಅದು ಸಿಮೆಂಟಿಗೇನೂ ಕಡಿಮೆಯಿಲ್ಲ.

ಪ್ರಶ್ನೆ: ನಾನೇ ಬಾಡಿಗೆಗೆ ಇರುವವಳು. ಮನೆ ಮುಂದೆ ಗಿಡ ಇರಲಿ ಅಂತ ಆಸೆ. ಆದರೆ ಯಾವಾಗ ಬಿಡಬೇಕಾಗುತ್ತೋ ಗೊತ್ತಿಲ್ಲ. ನೀರು ಹಾಕಲು ಸಮಯವೂ ಕಡಿಮೆ.

ಉತ್ತರ: ಚಿಕ್ಕ ಚಿಕ್ಕ ಹತ್ತು ಕುಂಡಗಳ ಬದಲು 16 ಇಂಚಿನ ಎರಡು ಕುಂಡ ಇಡಿ. ಮಣ್ಣು ಜಾಸ್ತಿ ಇದ್ದಷ್ಟೂ ತೇವ ಜಾಸ್ತಿ ದಿನ ನಿಲ್ಲುತ್ತದೆ. ಸಣ್ಣ ಕುಂಡ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಒಣಗುತ್ತದೆ. ಮಣ್ಣಿನ ಕುಂಡದ ಮೈಯಿಂದಲೂ ನೀರು ಆರುತ್ತದೆ, ಸಮಯ ಇಲ್ಲದವರಿಗೆ ಪ್ಲಾಸ್ಟಿಕ್ಕೇ ವಾಸಿ. ಹಾವಿನ ಗಿಡ, ಲೋಳೆಸರ, ದೊಡ್ಡಪತ್ರೆ ಈ ಮೂರರಿಂದ ಶುರು ಮಾಡಿ.

ಕುಂಡವನ್ನು ನೇರ ಮಣ್ಣಿನ ಮೇಲೆ ಇಡಬೇಡಿ. ಅಡಿಯ ತೂತಿನಿಂದ ಬೇರು ಹೊರಬಂದು ನೆಲಕ್ಕೆ ಇಳಿಯುತ್ತದೆ. ಮನೆ ಬಿಡುವ ದಿನ ಎತ್ತಿದರೆ ಆ ಬೇರು ಹರಿದು ಗಿಡ ಸೊರಗುತ್ತದೆ. ಎರಡು ಇಟ್ಟಿಗೆಯ ಮೇಲೆ ಇಟ್ಟರೆ ಈ ತೊಂದರೆ ಇಲ್ಲ, ನೀರೂ ಸರಾಗ ಬಸಿಯುತ್ತದೆ.

ನೆಲದಲ್ಲೇ ನೆಡುವ ಆಸೆ ಇದ್ದರೆ ಮೊದಲು ಮಾಲೀಕರನ್ನು ಕೇಳಿ, ಒಪ್ಪಿಗೆಯನ್ನು ಮೆಸೇಜಿನಲ್ಲಾದರೂ ಪಡೆದುಕೊಳ್ಳಿ. ಹೋಗುವಾಗ ಗಿಡ ತೆಗೆದುಕೊಂಡು ಹೋಗಬಹುದೋ ಇಲ್ಲವೋ ಅನ್ನುವುದೂ ಅದರಲ್ಲೇ ಇರಲಿ. ಬಿಟ್ಟು ಹೋಗಬೇಕಾದರೂ ಚಿಂತೆ ಇಲ್ಲ. ಮನೆ ಬಿಡುವ ಒಂದೂವರೆ ತಿಂಗಳು ಮೊದಲು ದೊಡ್ಡಪತ್ರೆಯ ಗೇಣುದ್ದದ ಕಡ್ಡಿ ಮುರಿದು, ಕೆಳಗಿನ ಎಲೆ ಕಿತ್ತು, ಒದ್ದೆ ಮಣ್ಣಿಗೆ ಊರಿಡಿ. ಲೋಳೆಸರದ ಬುಡದಲ್ಲಿ ಮರಿ ಇದ್ದರೆ ಬೇರು ಸಮೇತ ಬಿಡಿಸಿ ಬೇರೆ ಕುಂಡಕ್ಕೆ ಹಾಕಿ. ಸಾಮಾನು ಕಟ್ಟುವ ಹೊತ್ತಿಗೆ ಅವು ಹೊಸ ಬೇರು ಬಿಟ್ಟು ಹೊರಡಲು ತಯಾರಾಗಿರುತ್ತವೆ.